ಒಂಟಿ ಡಬಲ್ ಬಾಸ್: ನಾನು ಮತ್ತೆ ಮತ್ತೆ ಕೇಳುವ ಆಲ್ಬಂಗಳು

ಜಾಝ್ ಮತ್ತು ಮುಕ್ತ ಮನೋಧರ್ಮದ ಸಂಗೀತದಲ್ಲಿ ಡಬಲ್ ಬಾಸ್ ಒಂದನ್ನೇ ನುಡಿಸಿರುವ ಆಲ್ಬಂಗಳ ಪೈಕಿ ಯಾವುವು ಇಷ್ಟ ಎಂದು ಕೇಳಿದ್ದೀರಿ. ಜೊತೆಗೆ, ಹಿಂದೆ ನಿಂತು ತಾಳ ಹಿಡಿಯುವ ಈ ವಾದ್ಯವನ್ನು ಮುಕ್ಕಾಲು ಗಂಟೆ ಒಂಟಿಯಾಗಿ ಕೇಳುವವರು ನಿಜಕ್ಕೂ ಇದ್ದಾರೆಯೇ ಎಂಬ ಅನುಮಾನವನ್ನೂ ಮುಂದಿಟ್ಟಿದ್ದೀರಿ. ಇದ್ದಾರೆ, ಆದರೆ ಹೆಚ್ಚಿಲ್ಲ. ನಾನು ವಾದಕನಲ್ಲ, ಬರಿಯ ಕೇಳುಗ. ಇಲ್ಲಿರುವುದೆಲ್ಲ ಕಿವಿಯ ತೀರ್ಪು.

ನನ್ನ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ. ತನ್ನ ಭಾರವನ್ನು ಮರೆಯದ ಬಾಸ್ ನನಗೆ ಇಷ್ಟ. ಆಳೆತ್ತರದ ಮರದ ಒಡಲು, ಒಂದು ಮೀಟರಿಗೂ ಉದ್ದನೆಯ ದಪ್ಪ ತಂತಿಗಳು, ಒಂದು ಸ್ವರವನ್ನು ಒತ್ತಿ ಹಿಡಿಯಲು ಇಡೀ ತೋಳಿನ ಬಲ. ಆ ಶ್ರಮ ಕೇಳಿಸಬೇಕು: ಬೆರಳು ತಂತಿಯ ಮೇಲೆ ಜಾರುವ ಸದ್ದು, ಕಮಾನಿನ ಕೂದಲು ತಂತಿಯನ್ನು ಕಚ್ಚುವ ಮೊದಲ ಕ್ಷಣದ ಕೊಸರಾಟ, ವಾದಕನ ಉಸಿರು. ಕಸರತ್ತು ತೋರಿಸಲೆಂದು ಮೇಲಿನ ಸ್ಥಾಯಿಗೆ ಹತ್ತಿ ಅಲ್ಲೇ ಕುಣಿಯುತ್ತಿದ್ದರೆ, ಅದರ ಬದಲು ಇದೇ ಬಳಗದ ಚಿಕ್ಕ ವಾದ್ಯ ಚೆಲ್ಲೊವನ್ನೇ ಕೇಳಬಹುದಿತ್ತಲ್ಲ ಎನಿಸುತ್ತದೆ.

ಇನ್ನೊಂದು ಮಾತು. ದಯವಿಟ್ಟು ಇವನ್ನು ಮೊಬೈಲಿನ ಸ್ಪೀಕರಿನಲ್ಲಿ ಕೇಳಬೇಡಿ. ಬಾಸ್‌ನ ಅತ್ಯಂತ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಅಂಗೈಯಗಲದ ಯಂತ್ರಕ್ಕೆ ಅಷ್ಟು ಆಳಕ್ಕೆ ಇಳಿಯುವ ಶಕ್ತಿಯಿಲ್ಲ. ಮೂಲ ಸ್ವರದ ಜೊತೆಗೇ ಹುಟ್ಟುವ ಮೇಲಿನ ಉಪಸ್ವರಗಳನ್ನಷ್ಟೇ ಅದು ಒಪ್ಪಿಸುತ್ತದೆ, ಕೆಳಗಿನ ಸ್ವರವನ್ನು ನಮ್ಮ ಮಿದುಳು ಊಹಿಸಿಕೊಂಡು ತುಂಬಿಸುತ್ತದೆ. ವಾದ್ಯವೃಂದ ಕೇಳುವಾಗ ಈ ಊಹೆಯಿಂದ ಕೆಲಸ ನಡೆಯುತ್ತದೆ. ಒಂಟಿ ಬಾಸ್‌ನಲ್ಲಿ ಕೇಳಬೇಕಾದ ಸಂಗತಿಯೇ ಆ ಕೆಳಗಿನ ಸ್ವರವಾದ್ದರಿಂದ ನಡೆಯುವುದಿಲ್ಲ. ಸಾಧಾರಣ ಹೆಡ್‌ಫೋನ್ ಇದ್ದರೂ ಸಾಕು.

ಈ ಪರಂಪರೆಯ ಮೊದಲ ಆಲ್ಬಂ ಎಂದು ಎಲ್ಲರೂ ಬೆರಳು ತೋರಿಸುವುದು ಬಾರ್ ಫಿಲಿಪ್ಸ್ ಅವರ ‘ಜರ್ನಲ್ ವಿಯೊಲೋನ್’ ಕಡೆಗೆ. ಅದು ಹುಟ್ಟಿದ ಬಗೆಯೂ ತಮಾಷೆಯದು. 1968ರಲ್ಲಿ ಸಂಯೋಜಕ ಮ್ಯಾಕ್ಸ್ ಶೂಬೆಲ್ ಎಲೆಕ್ಟ್ರಾನಿಕ್ ಸಂಗೀತದ ಕಚ್ಚಾ ಸರಕಿಗಾಗಿ ಬಾಸ್‌ನ ಸದ್ದುಗಳನ್ನು ಧ್ವನಿಮುದ್ರಿಸಿಕೊಡಲು ಫಿಲಿಪ್ಸ್ ಅವರನ್ನು ಕೇಳಿದರು. ಲಂಡನ್ನಿನ ಒಂದು ಚರ್ಚಿನಲ್ಲಿ ಕುಳಿತು ಅವರು ನುಡಿಸಿದ್ದನ್ನು ಕೇಳಿದ ಶೂಬೆಲ್‌ಗೆ, ಇದನ್ನು ಕತ್ತರಿಸಿ ಬೇರೇನೋ ಮಾಡುವುದಕ್ಕಿಂತ ಇದ್ದ ಹಾಗೇ ಹೊರತರುವುದು ಮೇಲು ಎನಿಸಿತು. ಅಲ್ಲಿಯವರೆಗೆ ಬಾಸ್ ವಾದಕರು ಒಂಟಿಯಾಗಿ ಕೇಳಿಸುತ್ತಿದ್ದದ್ದು ಹಾಡಿನ ನಡುವಿನ ಕೆಲವು ಆವರ್ತಗಳಲ್ಲಿ ಮಾತ್ರ. ಉಳಿದವರು ಬೆವರು ಒರೆಸಿಕೊಳ್ಳುವ ಹೊತ್ತು ಅದು. ಇಲ್ಲಿ ಇಡೀ ಆಲ್ಬಂ ಬಾಸ್‌ನದೇ. ಒಂದು ಎಚ್ಚರಿಕೆ: ಇದೇ ಧ್ವನಿಮುದ್ರಣ ಅಮೆರಿಕದಲ್ಲಿ ‘ಜರ್ನಲ್ ವಿಯೊಲೋನ್’, ಇಂಗ್ಲೆಂಡಿನಲ್ಲಿ ‘ಅನ್‌ಅಕಂಪನೀಡ್ ಬಾರ್’, ಫ್ರಾನ್ಸಿನಲ್ಲಿ ‘ಬಾಸ್ ಬಾರ್’ ಎಂಬ ಹೆಸರುಗಳಲ್ಲಿ ಹೊರಬಂದಿದೆ. ಹೊಸತೆಂದು ತಿಳಿದು ಎರಡನೆಯ ಬಾರಿ ಕೊಳ್ಳಬೇಡಿ.

ಮೊದಲ ಆಲ್ಬಂ ಎಂಬ ಕಾರಣಕ್ಕೆ ಮೊದಲು ಅದನ್ನೇ ಕೇಳಬೇಕೆಂದೇನೂ ಇಲ್ಲ. ಹೊಸಬರಿಗೆ ನಾನು ಕೊಡುವುದು ಡೇವ್ ಹಾಲೆಂಡ್ ಅವರ ‘ಎಮರಾಲ್ಡ್ ಟಿಯರ್ಸ್’. 1977ರ ಆಗಸ್ಟಿನಲ್ಲಿ ಓಸ್ಲೋದಲ್ಲಿ ಧ್ವನಿಮುದ್ರಿಸಿದ್ದು, ಇಸಿಎಂ ಎಂಬ ಧ್ವನಿಮುದ್ರಣ ಕಂಪನಿಯದು. ಹಾಲೆಂಡ್ ಹೆಚ್ಚು ಭಾಗ ಕಮಾನು ಮುಟ್ಟದೆ ಬೆರಳಿನಿಂದಲೇ ಮೀಟುತ್ತಾರೆ. ಒಂದೊಂದು ಸ್ವರವೂ ಗುಂಡಗೆ, ತುಂಬಿಕೊಂಡು ಬರುತ್ತದೆ. ಇಲ್ಲಿನ ‘ಸೋಲಾರ್’ ಕೇಳಿ. ಮೈಲ್ಸ್ ಡೇವಿಸ್ ಹೆಸರಿನಲ್ಲಿರುವ ಆ ಹನ್ನೆರಡು ಬಾರ್‌ಗಳ (ತಾಳದ ಅಳತೆಗಳ) ಪುಟ್ಟ ರಚನೆಯ ಸ್ವರಸಂಗತಿ ನಿಲ್ಲದೆ ತಿರುಗುತ್ತಲೇ ಇರುತ್ತದೆ. ಪಿಯಾನೊ ಇಲ್ಲ, ಡ್ರಮ್ಸ್ ಇಲ್ಲ. ಹಾಗಿದ್ದರೂ ಆವರ್ತ ಎಲ್ಲಿ ಮುಗಿದು ಎಲ್ಲಿ ಶುರುವಾಯಿತು ಎಂಬುದು ನಮಗೆ ತಪ್ಪುವುದಿಲ್ಲ. ಹಾಲೆಂಡ್ ಲಯವನ್ನು ಎದ್ದುಕಾಣುವಂತೆ ಹೇಳುವುದೂ ಇಲ್ಲ. ಸ್ವರಗಳ ನಡುವೆ ಬಿಡುವ ಜಾಗದಲ್ಲಿ ಅದನ್ನು ಇಟ್ಟಿರುತ್ತಾರೆ. ಅದೇ ಆಲ್ಬಂನಲ್ಲಿ ಆಂಥೊನಿ ಬ್ರಾಕ್ಸ್‌ಟನ್ ಅವರದೊಂದು ರಚನೆಯಿದೆ. ಅದರ ಹೆಸರು ಅಕ್ಷರ ಮತ್ತು ಅಂಕಿಗಳ ಕಂತೆ, ನೆನಪಿಟ್ಟುಕೊಳ್ಳುವ ಗೊಡವೆಗೆ ಹೋಗಬೇಡಿ, ಕೇಳಿ ಸಾಕು. ಹಾಲೆಂಡ್ 1993ರಲ್ಲಿ ‘ಒನ್ಸ್ ಆಲ್’ ಎಂಬ ಇನ್ನೊಂದು ಒಂಟಿ ಆಲ್ಬಂ ಮಾಡಿದರು. ಅದರಲ್ಲಿ ಮಿಂಗಸ್‌ರ ‘ಗುಡ್‌ಬೈ ಪೋರ್ಕ್‌ಪೈ ಹ್ಯಾಟ್’, ಕೋಲ್ಟ್ರೇನ್‌ರ ‘ಮಿಸ್ಟರ್ ಪಿ.ಸಿ.’ಯಂಥ ಪರಿಚಿತ ರಚನೆಗಳಿರುವುದರಿಂದ ಜಾಝ್ ರೂಢಿಯಿರುವವರಿಗೆ ಅದು ಇನ್ನೂ ಸಲೀಸು. ನನಗೆ ಹಳೆಯದೇ ಹೆಚ್ಚು.

ಇನ್ನು ಕಮಾನಿನವರ ಬಳಗ. ಇಲ್ಲಿ ನನ್ನ ಮನಸ್ಸು ನಿಂತಿರುವುದು ಪೀಟರ್ ಕೊವಾಲ್ಡ್ ಅವರ ‘ವಾಸ್ ಡಾ ಇಸ್ಟ್’ (1995) ಬಳಿ. ಒಂದೇ ಒಂದು ಆಲ್ಬಂ ಇಟ್ಟುಕೊಂಡು ಉಳಿದವನ್ನು ಬಿಟ್ಟುಕೊಡಿ ಎಂದರೆ ನಾನು ಇಟ್ಟುಕೊಳ್ಳುವುದು ಇದನ್ನು. ಜರ್ಮನಿಯ ವುಪ್ಪರ್ಟಾಲ್‌ನ ಕೊವಾಲ್ಡ್ ಯುರೋಪಿನ ಮುಕ್ತ ಜಾಝ್‌ನ ಮೊದಲ ತಲೆಮಾರಿನವರು. ಪೀಟರ್ ಬ್ರೋಟ್ಸ್‌ಮನ್ ಅವರ ಕಿವಿಗಡಚಿಕ್ಕುವ ಸ್ಯಾಕ್ಸೊಫೋನಿನ ಪಕ್ಕದಲ್ಲಿ ನಿಂತು ಬೆಳೆದವರು. ಈ ಆಲ್ಬಂನಲ್ಲಿ 23 ತುಣುಕುಗಳಿವೆ. ಪ್ರತಿಯೊಂದೂ ಒಂದು ಸದ್ದನ್ನು ಹಿಡಿದು, ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಹೇಳುವುದು ಮುಗಿದೊಡನೆ ನಿಲ್ಲುತ್ತದೆ. ಎಳೆದು ಉದ್ದ ಮಾಡುವ ಚಪಲವೇ ಇಲ್ಲ. ಒಂದು ಕಡೆ ಕಮಾನನ್ನು, ತಂತಿಗಳನ್ನು ಎತ್ತಿ ಹಿಡಿಯುವ ಮರದ ಕುದುರೆಯ ತೀರಾ ಹತ್ತಿರಕ್ಕೆ ತಂದು ಉಜ್ಜುತ್ತಾರೆ. ಮೂಲ ಸ್ವರ ಚೂರಾಗಿ, ಒಳಗಿದ್ದ ಉಪಸ್ವರಗಳೆಲ್ಲ ಶಿಳ್ಳೆಯಂತೆ ಮೇಲೆದ್ದು ಬರುತ್ತವೆ. ಇನ್ನೊಂದು ಕಡೆ ಗಂಟಲಿನ ಆಳದಿಂದ ತಮ್ಮದೇ ದನಿ ಸೇರಿಸುತ್ತಾರೆ, ಯಾವುದು ಮರ ಯಾವುದು ಮನುಷ್ಯ ಎಂದು ಬೇರ್ಪಡಿಸುವುದೇ ಕಷ್ಟ. ಮೊದಲ ಸಲ ಕೇಳುವಾಗ ಐದಾರು ತುಣುಕುಗಳಿಗೆ ನಿಲ್ಲಿಸಿದರೂ ನಷ್ಟವಿಲ್ಲ. ಸಣ್ಣಕತೆಗಳ ಸಂಕಲನವನ್ನು ಯಾರೂ ಒಂದೇ ಉಸಿರಿಗೆ ಓದುವುದಿಲ್ಲವಲ್ಲ. ಕೊವಾಲ್ಡ್ 2002ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು.

ಫ್ರಾನ್ಸಿನ ಜೋಯೆಲ್ ಲಿಯಾಂದ್ರ್ ಜಾನ್ ಕೇಜ್, ಜಚಿಂತೊ ಶೆಲ್ಸಿಯಂಥ ಸಂಯೋಜಕರೊಡನೆ ಕೆಲಸ ಮಾಡಿದವರು. ಆದರೆ ಅವರಷ್ಟು ನಗಿಸುವ ಬಾಸ್ ವಾದಕರನ್ನು ನಾನು ಕೇಳಿಲ್ಲ. ಎಂಬತ್ತರ ದಶಕದ ‘ಟ್ಯಾಕ್ಸಿ’ ಎಂಬ ತುಣುಕಿನಲ್ಲಿ ಅವರು ಬಾಸ್ ನುಡಿಸುತ್ತಲೇ, ಇಷ್ಟು ದೊಡ್ಡ ವಾದ್ಯದೊಂದಿಗೆ ಟ್ಯಾಕ್ಸಿ ಹತ್ತುವಾಗ ಎದುರಾಗುವ ಮಾತುಗಳನ್ನು ಹೇಳಿಕೊಂಡು ರೇಗುತ್ತಾರೆ. ಫ್ರೆಂಚ್ ಬಾರದಿದ್ದರೂ ಆ ಸಿಡಿಮಿಡಿ ಅರ್ಥವಾಗುತ್ತದೆ. ಗಾಂಭೀರ್ಯದ ಹೊದಿಕೆ ಹೊದ್ದುಕೊಂಡೇ ಬರುವ ಈ ಪ್ರಕಾರಕ್ಕೆ ಅಂಥದೊಂದು ಪೆಟ್ಟು ಬೇಕಿತ್ತು.

ಬ್ಯಾರಿ ಗೈ ಅವರ ‘ಫಿಝಲ್ಸ್’ ಕೂಡ ಇದೇ ಸಾಲಿನದು. ನಾಟಕಕಾರ ಸ್ಯಾಮ್ಯುಯೆಲ್ ಬೆಕೆಟ್‌ಗೆ ಅರ್ಪಿಸಿದ ಚಿಕ್ಕ ಚಿಕ್ಕ ತುಣುಕುಗಳಿವೆ. ಗೈ ಯುರೋಪಿನ ಹಳೆಯ ಬರೋಕ್ ಶಾಸ್ತ್ರೀಯ ಸಂಗೀತವನ್ನೂ ನುಡಿಸುವವರಾದ್ದರಿಂದ, ಎಷ್ಟೇ ರಭಸದಲ್ಲೂ ಸ್ವರ ಕೆಸರಾಗುವುದಿಲ್ಲ. ನಾನು ಇದನ್ನು ಇಷ್ಟಪಡುವುದಕ್ಕಿಂತ ಹೆಚ್ಚಾಗಿ ಗೌರವಿಸುತ್ತೇನೆ. ಡಚ್ ವಾದಕ ಮಾರ್ಟೆನ್ ಆಲ್ಟೆನಾ ಅವರ ‘ಹ್ಯಾಂಡಿಕ್ಯಾಪ್ಸ್’ (1973) ಇನ್ನೊಂದು ವಿಚಿತ್ರ: ಎಡಗೈಗೆ ಪ್ಲಾಸ್ಟರ್ ಹಾಕಿದ್ದಾಗ ನುಡಿಸಿದ್ದು. ಸ್ವರ ಒತ್ತುವ ಕೈಯೇ ಕಟ್ಟಿಹೋದ ಮೇಲೆ ಬಾಸ್‌ನಲ್ಲಿ ಏನು ಉಳಿಯುತ್ತದೆ ಎಂಬ ಕುತೂಹಲವಿದ್ದರೆ ಹುಡುಕಿ ಕೇಳಿ. ಪದೇ ಪದೇ ಕೇಳುವಂಥದಲ್ಲ.

ವಾದ್ಯದ ಯಾಂತ್ರಿಕತೆ ನಿಮಗೆ ಕುತೂಹಲದ ವಿಷಯವಾಗಿದ್ದರೆ ಮಾರ್ಕ್ ಡ್ರೆಸರ್ ಅವರನ್ನು ಬಿಡಬೇಡಿ. ತಂತಿಯನ್ನು ಬೆರಳಿನಿಂದ ಒತ್ತಿದಾಗ ಅದು ಎರಡು ತುಂಡಾದಂತೆ. ಬೆರಳಿನಿಂದ ಕುದುರೆಯವರೆಗಿನ ಭಾಗ ನಮಗೆ ಕೇಳಿಸುತ್ತದೆ; ಬೆರಳಿನಿಂದ ಬಿರಡೆಗಳ ಕಡೆಗಿರುವ ಭಾಗವೂ ಕಂಪಿಸಬಲ್ಲದು, ಆದರೆ ಅದರ ದನಿ ಎಷ್ಟು ಸಣ್ಣದೆಂದರೆ ಸಾಮಾನ್ಯವಾಗಿ ಕಳೆದುಹೋಗುತ್ತದೆ. ಡ್ರೆಸರ್ ಬಾಸ್‌ನ ಕುತ್ತಿಗೆಯೊಳಗೇ ಕಂಪನವನ್ನು ಹಿಡಿಯುವ ಪುಟ್ಟ ಪಿಕಪ್‌ಗಳನ್ನು ಕೂರಿಸಿ ಆ ಕಳೆದುಹೋಗುವ ದನಿಯನ್ನೂ ಹಿಡಿದರು. ಹಾಗಾಗಿ ‘ಅನ್‌ವೇಲ್’ (2005) ಕೇಳುವಾಗ ಬೆರಳು ಮೇಲಕ್ಕೆ ಜಾರಿದಂತೆ ಒಂದು ಸ್ವರ ಏರುತ್ತದೆ, ಅದೇ ಹೊತ್ತಿಗೆ ಇನ್ನೊಂದು ಇಳಿಯುತ್ತದೆ. ಇಬ್ಬರು ನುಡಿಸುತ್ತಿದ್ದಾರೆಯೇ ಎಂದು ತಿರುಗಿ ನೋಡುವಂತಾಗುತ್ತದೆ. ನೀವು ತಾಂತ್ರಿಕ ವಿವರ ಮರೆತು ಕೇಳಿದರೂ ಅದು ಸಂಗೀತವಾಗಿಯೇ ನಿಲ್ಲುತ್ತದೆ, ಅದು ದೊಡ್ಡ ಮಾತು.

ನ್ಯೂಯಾರ್ಕಿನ ವಿಲಿಯಂ ಪಾರ್ಕರ್ ಅವರ ‘ಟೆಸ್ಟಿಮನಿ’ (1995) ಬೇರೆಯೇ ಜಾತಿ. ಕೊವಾಲ್ಡ್ ಹತ್ತು ವಾಕ್ಯಗಳಲ್ಲಿ ಮುಗಿಸುವುದನ್ನು ಪಾರ್ಕರ್ ಹತ್ತು ಪುಟ ಬರೆಯುತ್ತಾರೆ. ಕಮಾನು ನಿಲ್ಲುವುದೇ ಇಲ್ಲ, ಸದ್ದಿನ ಮೇಲೆ ಸದ್ದು ಬೀಳುತ್ತಾ ಕೊನೆಗೆ ಕೇಳುಗನೂ ಏದುಸಿರು ಬಿಡಬೇಕು. ಸುಸ್ತಾದ ದಿನ ಇದನ್ನು ಹಾಕಬೇಡಿ.

ಪಾರ್ಕರ್ ಹೆಸರು ಬಂದ ಮೇಲೆ ಹೆನ್ರಿ ಗ್ರೈಮ್ಸ್ ಅವರನ್ನು ಬಿಟ್ಟು ಮುಂದೆ ಹೋಗಲಾರೆ. ಸಾನಿ ರಾಲಿನ್ಸ್, ಸೆಸಿಲ್ ಟೇಲರ್, ಆಲ್ಬರ್ಟ್ ಐಲರ್‌ರಂಥ ಜಾಝ್ ದಿಗ್ಗಜರೊಡನೆ ನುಡಿಸಿದ್ದ ಗ್ರೈಮ್ಸ್ ಅರವತ್ತರ ದಶಕದ ಕೊನೆಗೆ ಇದ್ದಕ್ಕಿದ್ದಂತೆ ಕಾಣೆಯಾದರು. ಸತ್ತೇಹೋಗಿದ್ದಾರೆ ಎಂದು ಬಹಳ ಮಂದಿ ನಂಬಿದ್ದರು. 2002ರಲ್ಲಿ ಅಭಿಮಾನಿಯೊಬ್ಬರು ಪತ್ತೆ ಹಚ್ಚಿದಾಗ ಅವರು ಲಾಸ್ ಏಂಜಲೀಸ್‌ನ ಒಂದು ಸಣ್ಣ ಕೋಣೆಯಲ್ಲಿದ್ದರು. ಕೈಯಲ್ಲಿ ಬಾಸ್ ಇರಲಿಲ್ಲ, ಕವಿತೆ ಬರೆಯುತ್ತಿದ್ದರು. ಪಾರ್ಕರ್ ತಮ್ಮ ಹಸಿರು ಬಣ್ಣದ ಬಾಸ್ ಒಂದನ್ನು ಅವರಿಗೆ ಕಳುಹಿಸಿಕೊಟ್ಟರು. ಮರಳಿ ಬಂದ ಕೆಲವೇ ವರ್ಷಗಳಲ್ಲಿ ಗ್ರೈಮ್ಸ್ ‘ಸೋಲೊ’ ಎಂಬ ಎರಡು ಸಿಡಿಗಳ ಆಲ್ಬಂ ಕೊಟ್ಟರು, ಬಾಸ್ ಜೊತೆಗೆ ಪಿಟೀಲನ್ನೂ ನುಡಿಸಿ. ಅದು ಸಿಕ್ಕಾಪಟ್ಟೆ ಉದ್ದ, ಅಲ್ಲಲ್ಲಿ ದಾರಿ ತಪ್ಪುತ್ತದೆ, ಸಂಕಲನಕಾರನ ಕತ್ತರಿ ಕಂಡಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಬಾಯಿ ಕಟ್ಟಿದ್ದವರು ಒಮ್ಮೆಲೇ ಮಾತಾಡತೊಡಗಿದರೆ ಕತ್ತರಿ ಹಾಕುವ ಧೈರ್ಯ ಯಾರಿಗಿದ್ದೀತು! ಇಡಿಯಾಗಿ ಶಿಫಾರಸು ಮಾಡಲಾರೆ, ಪೂರ್ತಿ ಬಿಟ್ಟುಬಿಡಿ ಎನ್ನಲೂ ಆರೆ.

ಇತ್ತೀಚಿನವುಗಳಲ್ಲಿ ಎರಡು. ಲ್ಯಾರಿ ಗ್ರೆನಡಿಯರ್ ಅವರ ‘ದ ಗ್ಲೀನರ್ಸ್’ (2019) ಕೇಳಲು ಹಿತವಾಗಿದೆ, ಹಿಂದಿನ ತಲೆಮಾರಿನ ಬಾಸ್ ವಾದಕ ಆಸ್ಕರ್ ಪೆಟಿಫೋರ್ಡ್ ನೆನಪಿನ ತುಣುಕು ಚುರುಕಾಗಿದೆ. ಮಾರ್ಕ್ ಜಾನ್ಸನ್ ಅವರ ‘ಓವರ್‌ಪಾಸ್’ (2021) ಅದಕ್ಕಿಂತ ನನಗೆ ಹತ್ತಿರ. ಜಾನ್ಸನ್ ಇಪ್ಪತ್ತರ ಹರೆಯದಲ್ಲಿ ಪಿಯಾನೊ ವಾದಕ ಬಿಲ್ ಇವಾನ್ಸ್ ಅವರ ಕೊನೆಯ ಟ್ರಿಯೊದಲ್ಲಿ (ಮೂವರ ತಂಡದಲ್ಲಿ) ಇದ್ದರು. ಆ ಟ್ರಿಯೊ ಕಛೇರಿಗಳಲ್ಲಿ ‘ನಾರ್ಡಿಸ್’ ಎಂಬ ರಚನೆಯನ್ನು ದೀರ್ಘವಾಗಿ ಬೆಳೆಸುತ್ತಿತ್ತು, ಅದರೊಳಗೆ ಬಾಸ್‌ಗೂ ಒಂಟಿಯಾಗಿ ಮಾತಾಡುವ ಪಾಳಿ ಇರುತ್ತಿತ್ತು. ಇವಾನ್ಸ್ 1980ರಲ್ಲಿ ಹೋದರು. ಸುಮಾರು ನಾಲ್ಕು ದಶಕಗಳ ಬಳಿಕ ಜಾನ್ಸನ್ ಅದೇ ‘ನಾರ್ಡಿಸ್’ ಅನ್ನು ಒಬ್ಬರೇ ನುಡಿಸಿದ್ದಾರೆ. ಇವಾನ್ಸ್ ಕಾಲದ ಕಛೇರಿ ಮುದ್ರಿಕೆಯೊಂದನ್ನು ಮೊದಲು ಕೇಳಿ, ಆಮೇಲೆ ಇದನ್ನು ಹಾಕಿ. ಆಗ ಪಿಯಾನೊ ಬರುತ್ತಿದ್ದ ಜಾಗಗಳಲ್ಲಿ ಜಾನ್ಸನ್ ಏನು ಮಾಡುತ್ತಾರೆ ಎಂದು ಗಮನಿಸಿದರೆ ಆಲ್ಬಂನ ಗುಟ್ಟು ಸಿಗುತ್ತದೆ.

ಬಾರ್ ಫಿಲಿಪ್ಸ್ ವಿಷಯ ಮುಗಿದಿಲ್ಲ. ಮೊದಲ ಆಲ್ಬಂ ಆಗಿ ಅರ್ಧ ಶತಮಾನ ಸಮೀಪಿಸುತ್ತಿದ್ದಾಗ ಅವರು ಇಸಿಎಂನ ಸ್ಥಾಪಕ ಮಾನ್‌ಫ್ರೆಡ್ ಐಕರ್ ಅವರನ್ನು ಸಂಪರ್ಕಿಸಿ, ತಮ್ಮ ಒಂಟಿ ವಾದನದ ಸರಣಿಗೆ ಕೊನೆಯ ಆಲ್ಬಂ ಮಾಡಬೇಕೆಂದರು. 2017ರಲ್ಲಿ, 82ನೆಯ ವಯಸ್ಸಿನಲ್ಲಿ, ದಕ್ಷಿಣ ಫ್ರಾನ್ಸಿನ ಸ್ಟುಡಿಯೊದಲ್ಲಿ ಧ್ವನಿಮುದ್ರಿಸಿದ ‘ಎಂಡ್ ಟು ಎಂಡ್’ ಮರುವರ್ಷ ಬಂತು: ಮೂರು ಗುಚ್ಛಗಳಲ್ಲಿ ಹದಿಮೂರು ತುಣುಕುಗಳು. 1968ರ ಫಿಲಿಪ್ಸ್‌ಗೆ ಬಾಸ್‌ನಿಂದ ಎಷ್ಟು ಬಗೆಯ ಸದ್ದು ತೆಗೆಯಬಹುದು ಎಂಬ ಹುರುಪು. ಇಲ್ಲಿ ಒಂದು ಸ್ವರ ನುಡಿಸಿ, ಅದು ಆರುವವರೆಗೆ ಕಾಯುವ ವ್ಯವಧಾನ. ಕೈಯ ಹಿಡಿತ ಕೆಲವೆಡೆ ಸಡಿಲವಾಗಿರುವುದೂ ಕೇಳುತ್ತದೆ, ಅದನ್ನು ಮುಚ್ಚಿಲ್ಲ. ಅವರು 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ‘ವಾಸ್ ಡಾ ಇಸ್ಟ್’ ಬಿಟ್ಟರೆ ನಾನು ಹೆಚ್ಚು ಸಲ ಹಾಕಿಕೊಂಡಿರುವುದು ಇದನ್ನೇ.

ಕೆಲವರು ಈ ಉತ್ತರಕ್ಕೆ ಆಕ್ಷೇಪ ಎತ್ತುವುದು ಖಂಡಿತ. ಮಿರೊಸ್ಲಾವ್ ವಿಟೌಸ್ ಅವರ ‘ಎಮರ್ಜೆನ್ಸ್’ (1986) ಎಲ್ಲಿ ಎಂದು ಕೇಳುತ್ತಾರೆ. ಒಳ್ಳೆಯ ಆಲ್ಬಂ, ಆದರೆ ನನ್ನ ಕಿವಿಗೆ ಅದರ ಭಾವ ಸ್ವಲ್ಪ ಸಿಹಿ. ರೆನೋ ಗಾರ್ಸಿಯಾ-ಫೋನ್ಸ್ ಅವರ ಐದು ತಂತಿಯ ಬಾಸ್ ಕೈಚಳಕಕ್ಕೆ ತಲೆದೂಗುತ್ತೇನೆ. ಎರಡನೆಯ ರಚನೆಗೆ ಆಗಲೇ ನನ್ನ ಚೆಲ್ಲೊ ದೂರು ಶುರುವಾಗುತ್ತದೆ. ಎಬರ್‌ಹಾರ್ಡ್ ವೆಬರ್ ಅವರ ‘ಪೆಂಡುಲಮ್’ (1993) ನನಗೆ ತುಂಬ ಪ್ರಿಯವಾದದ್ದು, ಆದರೆ ಅವರ ವಾದ್ಯ ವಿದ್ಯುತ್ ಬಾಸ್, ಅದೂ ಪದರದ ಮೇಲೆ ಪದರ ಕೂಡಿಸಿದ ಧ್ವನಿಮುದ್ರಣ. ಡಬಲ್ ಬಾಸ್ ಎಂದು ನೀವು ಗೆರೆ ಎಳೆದಿರುವುದರಿಂದ ಅದನ್ನು ಹೊರಗಿಟ್ಟೆ. ಆ ಗೆರೆ ಅಳಿಸಿದರೆ ಹೇಳಿ, ಬೇರೆ ಪಟ್ಟಿ ಕೊಡುತ್ತೇನೆ.