ಓದುಗರ ಪ್ರಶ್ನೆ: ಜಾಹೀರಾತಿಗಾಗಿ ಚಿತ್ರ ಬರೆಯುವವರಿಗೆ

ಪ್ರಶ್ನೆ: ಮಾನ್ಯರೇ, ನಾನು ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಅನ್ವಯಿಕ ಕಲೆ ಓದಿದ್ದೇನೆ. ಬೆಂಗಳೂರಿನ ಜಾಹೀರಾತು ಚಿತ್ರ ನಿರ್ಮಾಣ ಸಂಸ್ಥೆಯೊಂದಕ್ಕೆ ಮಾದರಿ ಸ್ಟೋರಿಬೋರ್ಡ್ (ಜಾಹೀರಾತಿನ ದೃಶ್ಯಗಳನ್ನು ಕ್ರಮವಾಗಿ ಚೌಕಗಳಲ್ಲಿ ಬರೆದ ಚಿತ್ರಗಳು) ಕಳುಹಿಸಿದಾಗ, ‘ಚಿತ್ರಗಳು ಚೆನ್ನಾಗಿವೆ, ಆದರೆ ಇವುಗಳಲ್ಲಿ ಕ್ಯಾಮೆರಾ ಇಲ್ಲ’ ಎಂಬ ಉತ್ತರ ಬಂದಿತು. ನಾನು ಏನನ್ನು ತಿದ್ದಿಕೊಳ್ಳಬೇಕು?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ನಿಮಗೆ ಬಂದಿರುವುದು ಬಹಳ ಉಪಯುಕ್ತವಾದ ಉತ್ತರ. ಸ್ಟೋರಿಬೋರ್ಡಿನ ಪ್ರತಿಯೊಂದು ಚೌಕವೂ ಒಂದು ಶಾಟ್, ಅಂದರೆ ಕ್ಯಾಮೆರಾ ತಡೆಯಿಲ್ಲದೆ ಒಮ್ಮೆಗೆ ಸೆರೆಹಿಡಿಯುವ ತುಣುಕು. ಕ್ಯಾಮೆರಾ ಎಲ್ಲಿ ನಿಂತಿದೆ, ಎಷ್ಟು ಎತ್ತರದಲ್ಲಿದೆ, ಯಾವ ಕಡೆಗೆ ಚಲಿಸುತ್ತದೆ ಎಂಬುದನ್ನು ಆ ಚೌಕ ನೋಡಿದೊಡನೆ ನಿರ್ದೇಶಕರಿಗೂ ಛಾಯಾಗ್ರಾಹಕರಿಗೂ ತಿಳಿಯಬೇಕು. 1930ರ ದಶಕದ ಆರಂಭದಲ್ಲಿ ವಾಲ್ಟ್ ಡಿಸ್ನಿ ಸ್ಟುಡಿಯೋದಲ್ಲಿ ಕಥೆಯ ಚಿತ್ರಗಳನ್ನು ಸಾಲಾಗಿ ಹಲಗೆಗೆ ಚುಚ್ಚಿ ನೋಡುವ ಪದ್ಧತಿ ಬೆಳೆದದ್ದೇ, ಹಣ ಖರ್ಚಾಗುವ ಮೊದಲು ಕಥೆಯ ಓಟವನ್ನು ಕಣ್ಣಿನಿಂದ ಪರೀಕ್ಷಿಸುವುದಕ್ಕಾಗಿ. ಜಾಹೀರಾತಿನಲ್ಲಿ ಈ ಅಗತ್ಯ ಇನ್ನೂ ಹೆಚ್ಚು. ಏಕೆಂದರೆ ಅಲ್ಲಿರುವುದು ಮೂವತ್ತು ಸೆಕೆಂಡ್, ಚಿತ್ರೀಕರಣಕ್ಕೆ ಸಿಗುವುದು ಒಂದೆರಡು ದಿನ.

ನೀವು ಕಳುಹಿಸಿದ ಮಾದರಿಯಲ್ಲಿ ಎಲ್ಲ ಪಾತ್ರಗಳೂ ಕಣ್ಣಿನ ಮಟ್ಟದಲ್ಲಿ, ಒಂದೇ ದೂರದಲ್ಲಿ ಕಾಣುತ್ತಿದ್ದವೇ ಎಂದು ಮೊದಲು ಪರಿಶೀಲಿಸಿರಿ. ಚಿತ್ರಕಲೆಯ ತರಗತಿಯಿಂದ ಬಂದವರಲ್ಲಿ ಸಾಮಾನ್ಯವಾಗಿ ಕಾಣುವ ಕೊರತೆ ಇದು. ಆ ಬಳಿಕ ಒಂದು ಅಭ್ಯಾಸ ಮಾಡಿರಿ. ನಿಮ್ಮೂರಿನ ಯಾವುದಾದರೂ ಬೆಣ್ಣೆದೋಸೆ ಹೋಟೆಲಿನ ಮುಂದೆ ನಿಂತು, ಬೆಣ್ಣೆಗಾಗಿ ಮೂವತ್ತು ಸೆಕೆಂಡಿನ ಜಾಹೀರಾತನ್ನು ಹನ್ನೆರಡು ಚೌಕಗಳಲ್ಲಿ ಬರೆಯಿರಿ. ಜನ ತುಂಬಿದ ಹೋಟೆಲು ಲಾಂಗ್ ಶಾಟ್‌ನಲ್ಲಿ, ಅಂದರೆ ದೂರದಿಂದ ಕಾಣುವಂತೆ ಬರಲಿ. ಕಾದ ಹಂಚಿನ ಮೇಲೆ ಬೆಣ್ಣೆ ಕರಗುವುದು ತೀರಾ ಹತ್ತಿರದ ಕ್ಲೋಸಪ್‌ನಲ್ಲಿ ಬರಲಿ. ತಟ್ಟೆಯಲ್ಲಿ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿಯೊಡನೆ ದೋಸೆ ಮೇಜಿಗೆ ಬರುವಾಗ ಕ್ಯಾಮೆರಾ ತಟ್ಟೆಯ ಜೊತೆಗೇ ಸಾಗುವುದನ್ನು ಚೌಕದ ಅಂಚಿನಲ್ಲಿ ಬಾಣದ ಗುರುತಿನಿಂದ ತೋರಿಸಿರಿ. ಮಾಣಿಯೂ ಗಿರಾಕಿಯೂ ಎದುರುಬದುರಾಗಿ ಮಾತನಾಡುವುದಾದರೆ, ಅವರಿಬ್ಬರ ನಡುವೆ ಒಂದು ಗೆರೆಯನ್ನು ಊಹಿಸಿಕೊಂಡು ಕ್ಯಾಮೆರಾವನ್ನು ಅದರ ಒಂದೇ ಬದಿಯಲ್ಲಿ ಉಳಿಸಿಕೊಳ್ಳಿರಿ. ಕ್ಯಾಮೆರಾ ಆಚೆ ಬದಿಗೆ ದಾಟಿದರೆ ಇಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿದಂತೆ ತೆರೆಯ ಮೇಲೆ ಕಾಣುತ್ತದೆ. ಪ್ರತಿ ಚೌಕದ ಕೆಳಗೆ ಸೆಕೆಂಡ್, ಮಾತು, ಸದ್ದು ಇವನ್ನು ಬರೆದು, ಗಡಿಯಾರ ಹಿಡಿದು ಗಟ್ಟಿಯಾಗಿ ಓದಿರಿ. ಮೂವತ್ತು ಸೆಕೆಂಡ್ ಮೀರಿದರೆ, ನಿಮಗೆ ಎಷ್ಟೇ ಪ್ರಿಯವಾದ ಚೌಕವಾದರೂ ಅದನ್ನು ತೆಗೆಯಬೇಕು.

ಗ್ರಾಹಕ ಕಂಪನಿಗೆ ತೋರಿಸುವ ಬೋರ್ಡು ಬಣ್ಣ ತುಂಬಿ ಅಚ್ಚುಕಟ್ಟಾಗಿರಬೇಕು. ಚಿತ್ರೀಕರಣದ ಬೋರ್ಡಿಗೆ ಒರಟು ಗೆರೆ ಸಾಕು, ಆದರೆ ಕ್ಯಾಮೆರಾದ ಲೆಕ್ಕ ತಪ್ಪಬಾರದು. ಟಿವಿಗೆ 16:9ರ ಅಡ್ಡ ಚೌಕ, ಮೊಬೈಲಿಗೆ 9:16ರ ಉದ್ದ ಚೌಕ ಬೇಕಾಗುವುದರಿಂದ ಒಂದೇ ದೃಶ್ಯವನ್ನು ಎರಡು ಬಗೆಯಲ್ಲಿ ಕೂಡಿಸಿ ನೋಡುವುದು ಒಳ್ಳೆಯದು. ಸತ್ಯಜಿತ್ ರಾಯ್ ಅವರು 1943ರಲ್ಲಿ ಕಲ್ಕತ್ತೆಯ ಡಿ.ಜೆ. ಕೀಮರ್ ಜಾಹೀರಾತು ಸಂಸ್ಥೆಗೆ ಕಿರಿಯ ವಿಶುವಲೈಸರ್ (ಜಾಹೀರಾತಿನ ಕಲ್ಪನೆಯನ್ನು ಚಿತ್ರವಾಗಿ ಬರೆಯುವವರು) ಆಗಿ ಸೇರಿದವರು; ಮುಂದೆ ತಮ್ಮ ಮೊದಲ ಚಲನಚಿತ್ರದ ದೃಶ್ಯಗಳನ್ನು ಅವರು ಚಿತ್ರಗಳ ಸರಣಿಯಾಗಿಯೇ ಬರೆದುಕೊಂಡಿದ್ದರು. ಈ ಕೆಲಸ ಕಲಿಸುವ ಶಿಸ್ತು ಅಷ್ಟು ದೂರ ಒಯ್ಯಬಲ್ಲದು ಎಂದು ನಾನು ದೃಢವಾಗಿ ನಂಬಿದ್ದೇನೆ.

ಪ್ರಶ್ನೆ: ಚಳ್ಳಕೆರೆಯ ಎಣ್ಣೆ ಗಿರಣಿಯೊಂದರ ಪ್ಯಾಕೆಟ್ಟಿಗೆ ಅಜ್ಜಿಯ ಚಿತ್ರವೊಂದನ್ನು ಬರೆದುಕೊಟ್ಟು ಒಂದು ಬಾರಿ ಹಣ ಪಡೆದೆ. ಈಗ ಅದೇ ಅಜ್ಜಿ ಬಸ್ಸುಗಳ ಮೇಲೂ ಹೋರ್ಡಿಂಗ್‌ಗಳಲ್ಲೂ ಕಾಣುತ್ತಿದ್ದಾಳೆ. ಮತ್ತೆ ಹಣ ಕೇಳಬಹುದೇ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಲಿಖಿತವಾಗಿ ಏನಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ನಿನ ಪ್ರಕಾರ, ನೌಕರಿಯಲ್ಲಿದ್ದುಕೊಂಡು ಕೆಲಸದ ಭಾಗವಾಗಿ ಬರೆದ ಚಿತ್ರದ ಹಕ್ಕು ಮಾಲೀಕರದು. ಹಣ ಕೊಟ್ಟು ಬರೆಸಿಕೊಂಡ ವರ್ಣಚಿತ್ರ ಅಥವಾ ಭಾವಚಿತ್ರದ ಹಕ್ಕು ಬೇರೆ ಒಪ್ಪಂದವಿಲ್ಲದಿದ್ದರೆ ಬರೆಸಿದವರದು. ಆದ್ದರಿಂದ ನಿಮ್ಮ ಬಳಿಯಿರುವ ಬಿಲ್ಲು, ಸಂದೇಶಗಳು, ಇಮೇಲು ಎಲ್ಲವನ್ನೂ ಒಬ್ಬ ವಕೀಲರಿಗೆ ತೋರಿಸಿದ ಮೇಲೆಯೇ ಗಿರಣಿಯವರನ್ನು ಕಾಣಿರಿ. ‘ಪ್ಯಾಕೆಟ್ಟಿಗೆ ಮಾತ್ರ’ ಎಂಬ ಮಾತು ಎಲ್ಲಾದರೂ ಬರಹದಲ್ಲಿದ್ದರೆ ನಿಮ್ಮ ಬೇಡಿಕೆಗೆ ಬಲ ಬರುತ್ತದೆ.

ಜಾಹೀರಾತಿನ ಪಾತ್ರವೊಂದು ಎಷ್ಟು ಕಾಲ ದುಡಿಯುತ್ತದೆ ಎಂಬುದನ್ನು ಬರೆಯುವವರು ಮುಂಚೆಯೇ ಯೋಚಿಸಬೇಕು. ಏರ್ ಇಂಡಿಯಾದ ಮಹಾರಾಜ 1946ರಲ್ಲಿ ಹುಟ್ಟಿದ. ಅಮುಲ್ ಬಾಲಕಿ 1960ರ ದಶಕದಿಂದ ಇಂದಿಗೂ ಹೋರ್ಡಿಂಗ್ ಮೇಲಿದ್ದಾಳೆ. ಮುಂದಿನ ಕೆಲಸಗಳಲ್ಲಿ ಚಿತ್ರವನ್ನು ಯಾವ ಮಾಧ್ಯಮಕ್ಕೆ, ಎಷ್ಟು ವರ್ಷಕ್ಕೆ, ಯಾವ ಪ್ರದೇಶಕ್ಕೆ ಕೊಡುತ್ತೀರಿ ಎಂಬುದನ್ನು ಹಣ ಪಡೆಯುವ ಮೊದಲೇ ಬರೆದು ಇಬ್ಬರೂ ಸಹಿ ಮಾಡಿರಿ. ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿಯನ್ನು ಹೇಳದಿದ್ದರೆ ಅದನ್ನು 5 ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಸೀಮಿತವೆಂದೂ 19ನೇ ಸೆಕ್ಷನ್ ಭಾವಿಸುತ್ತದೆ. ಹಕ್ಕು ಮಾರಿದ ಮೇಲೂ ‘ಈ ಚಿತ್ರ ಬರೆದವನು ನಾನು’ ಎಂದು ಹೇಳಿಕೊಳ್ಳುವ ಅಧಿಕಾರ 57ನೇ ಸೆಕ್ಷನ್ನಿನಡಿ ನಿಮ್ಮಲ್ಲಿಯೇ ಉಳಿಯುತ್ತದೆ.