ಮೀನೆಣ್ಣೆ ಜೊತೆಗಿರಲಿ, ಮೆಥೋಟ್ರೆಕ್ಸೇಟ್ ಬಿಡಿಸಬೇಡಿ

ಅಮ್ಮನ ರುಮಟಾಯ್ಡ್ ಸಂಧಿವಾತಕ್ಕೆ (ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ಎರಗುವ ರೋಗ) ಕೊಡುವ, ಕೀಲು ಹಾಳಾಗುವುದನ್ನು ತಡೆಯುವ ಔಷಧಿ ಮೆಥೋಟ್ರೆಕ್ಸೇಟ್ ನಿಲ್ಲಿಸಿ ಮೀನೆಣ್ಣೆ, ಅರಿಶಿನದ ಕ್ಯಾಪ್ಸೂಲ್ ಕೊಡಬಹುದೇ ಅಂತ ಕೇಳಿದ್ದೀರಿ. ನಿಲ್ಲಿಸಬೇಡಿ. ನೋವು ತಗ್ಗಿದರೂ ಒಳಗೆ ಕೀಲು ಸವೆಯುತ್ತಲೇ ಇರಬಹುದು. ಸವೆದದ್ದು ಮತ್ತೆ ಮೊದಲಿನಂತಾಗುವುದಿಲ್ಲ.

ಜೊತೆಗೆ ಕೊಡುವುದಾದರೆ ಮೀನೆಣ್ಣೆಗೆ ಅರ್ಥವಿದೆ. ಜನ ಎಡವುವುದು ಲೆಕ್ಕದಲ್ಲಿ. ಡಬ್ಬಿಯ ಮುಂದೆ ಬರೆದ 1000 ಮಿ.ಗ್ರಾಂ ಬರೀ ಎಣ್ಣೆಯ ತೂಕ. ಹಿಂದೆ ತಿರುಗಿಸಿ, ನಿಜಕ್ಕೂ ಕೆಲಸ ಮಾಡುವ ಒಮೇಗಾ-3 ಕೊಬ್ಬುಗಳಾದ ಇಪಿಎ, ಡಿಎಚ್‌ಎ ಕೂಡಿಸಿ: ಸಾಮಾನ್ಯ ಕ್ಯಾಪ್ಸೂಲಿನಲ್ಲಿ 180 + 120, ಅಂದರೆ 300 ಮಿ.ಗ್ರಾಂ. ಸಂಧಿವಾತದ ಅಧ್ಯಯನಗಳಲ್ಲಿ ಬಳಸಿದ್ದು ಇವೆರಡೂ ಸೇರಿ ದಿನಕ್ಕೆ ಸುಮಾರು 3 ಗ್ರಾಂ, ಅಂದರೆ ಹತ್ತು ಕ್ಯಾಪ್ಸೂಲ್! ದಿನಕ್ಕೊಂದು ನುಂಗಿ 'ಏನೂ ಆಗಲಿಲ್ಲ' ಅನ್ನುವುದು ಇದಕ್ಕೇ. ಸಾಂದ್ರತೆ ಹೆಚ್ಚಿರುವುದನ್ನು ಆರಿಸಿ, ಊಟದ ಜೊತೆ ಕೊಟ್ಟು ಮೂರು ತಿಂಗಳು ಕಾಯಿರಿ. ಕಾಡ್ ಲಿವರ್ ಎಣ್ಣೆಯಲ್ಲಿ ಈ ಪ್ರಮಾಣ ಮುಟ್ಟಲು ಹೋದರೆ ವಿಟಮಿನ್ ಎ ಅತಿಯಾಗುತ್ತೆ. ರಕ್ತ ತೆಳುವಾಗಿಸುವ ಮಾತ್ರೆಯಿದ್ದರೆ, ಎದೆಬಡಿತದಲ್ಲಿ ಏರುಪೇರಿದ್ದರೆ ವೈದ್ಯರನ್ನು ಕೇಳದೆ ಶುರುಮಾಡಬೇಡಿ.

ಸಾರಿಗೆ ಹಾಕುವ ಅರಿಶಿನ ಬೇರೆ, ಪೈಪರೀನ್ (ಕರಿಮೆಣಸಿನ ಸಾರ) ಬೆರೆಸಿದ ಅರಿಶಿನದ ಕ್ಯಾಪ್ಸೂಲ್ ಬೇರೆ. ಈ ಕ್ಯಾಪ್ಸೂಲಿನಿಂದಲೂ ಅಮೃತಬಳ್ಳಿಯಿಂದಲೂ ಲಿವರ್‌ಗೆ ಪೆಟ್ಟು ಬಿದ್ದ ವರದಿಗಳಿವೆ. ಮೆಥೋಟ್ರೆಕ್ಸೇಟಿನ ಭಾರವೂ ಲಿವರ್ ಮೇಲೇ. ಎಲ್‌ಎಫ್‌ಟಿ (ಲಿವರ್‌ನ ರಕ್ತಪರೀಕ್ಷೆ) ಅಂಕಿ ಏರಿದರೆ ಯಾವುದರಿಂದ ಅಂತ ತಿಳಿಯುವುದೇ ಕಷ್ಟ. ಗ್ಲುಕೋಸಮೈನ್ ಮಾತ್ರೆ ಮಾರುವುದು ಸವೆತದ ಮಂಡಿನೋವಿಗೆ, ಇಲ್ಲಿ ದುಡ್ಡು ದಂಡ.

ಮೆಥೋಟ್ರೆಕ್ಸೇಟಿನಿಂದಾಗುವ ಬಾಯಿಹುಣ್ಣು, ವಾಕರಿಕೆಯಿಂದ ಬೇಸತ್ತು ಅದನ್ನು ಬಿಡುವ ಯೋಚನೆಯಾದರೆ, ಮೊದಲು ಈ ತೊಂದರೆ ತಗ್ಗಿಸುವ ವಿಟಮಿನ್ ಮಾತ್ರೆ ಫೋಲಿಕ್ ಆಸಿಡ್ ಸರಿಯಾಗಿ ತಗೊಳ್ತಿದ್ದಾರಾ ನೋಡಿ. ಸಾಮಾನ್ಯವಾಗಿ ವಾರಕ್ಕೆ 5 ಮಿ.ಗ್ರಾಂ, ಮೆಥೋಟ್ರೆಕ್ಸೇಟ್ ತಗೊಳ್ಳುವ ದಿನವಲ್ಲದೆ ಬೇರೆ ದಿನ. ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿಡಿ. ಅದಲುಬದಲಾಗಿ, ವಾರಕ್ಕೊಮ್ಮೆ ತಗೊಳ್ಳುವ ಮೆಥೋಟ್ರೆಕ್ಸೇಟನ್ನು ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ.