ಕಾಲಿನ ಕೆಲಸ ಗೋಣಿಗೆ ಯಾಕೆ?

ಪ್ರಶ್ನೆ: ನನಗೆ 46 ವರ್ಷ. ಊರು ಧಾರವಾಡ, ಈಗ ಪುಣೆಯ ವಾಕಡ್‌ನಲ್ಲಿ ಮನೆ. ಹಿಂಜವಡಿಯಲ್ಲಿ ಕಂಪ್ಯೂಟರ್ ಮುಂದೆ ಕೆಲಸ. ನಮ್ಮ ಸೊಸೈಟಿ ಜಿಮ್‌ಗೆ ರೋಯಿಂಗ್ ಮಷೀನ್ (ಕೂತು ದೋಣಿಗೆ ಹುಟ್ಟು ಹಾಕುವಂತೆ ಹಿಡಿಕೆ ಎಳೆಯುವ ಯಂತ್ರ) ಬಂದಿದೆ. ಮೂರು ವಾರದಿಂದ ದಿನಾ 20 ನಿಮಿಷ ಎಳೆಯುತ್ತಿದ್ದೇನೆ. ಫ್ಯಾನ್ ಪಕ್ಕದ ಲಿವರ್ 10ರಲ್ಲಿದೆ. ಎಡಗಡೆ ಮೂಲೆಯ ಟಿವಿಯಲ್ಲಿ ಸುದ್ದಿ ನೋಡುತ್ತಾ ಎಳೆಯುತ್ತೇನೆ. ಈಗ ಬಲಗಡೆ ಗೋಣಿನಿಂದ ಭುಜದ ತನಕ ಬಿಗಿತ. ಬೈಕ್ ಮೇಲೆ ಹಿಂದೆ ತಿರುಗಿ ನೋಡಲು ಕಷ್ಟ. ಕೈ ಜೋಮು ಹಿಡಿಯುವುದಿಲ್ಲ. ತಲೆಗೆ ಪಟ್ಟಿ ಕಟ್ಟಿ ತೂಕ ಎತ್ತಿದರೆ ಗೋಣು ಗಟ್ಟಿಯಾಗುತ್ತದೆ ಎಂದು ಗೆಳೆಯರೊಬ್ಬರು ಹೇಳುತ್ತಾರೆ. ಎತ್ತಲೇ? ಅಥವಾ ಮಷೀನ್ ಬಿಟ್ಟುಬಿಡಲೇ?
– ಹೆಸರು ಬೇಡ, ವಾಕಡ್

ಉತ್ತರ: ಎರಡೂ ಬೇಡ. ಕುತ್ತಿಗೆಗೆ ‘ಗೋಣು’ ಎಂದು ಬರೆದಿರಲ್ಲ, ಖುಷಿಯಾಯಿತು. ನಮ್ಮ ವಿಜಯಪುರದ ಕಡೆಯ ಮಾತು. ಇಲ್ಲಿ ಕ್ಲಿನಿಕ್‌ಗೆ ಬರುವವರೆಲ್ಲ ‘ಮಾನ್ ದುಖತೇ’ (ಕುತ್ತಿಗೆ ನೋಯುತ್ತದೆ) ಎನ್ನುತ್ತಾರೆ. ನಮ್ಮಲ್ಲಿ ಮಾನ ಹೋಗುತ್ತದೆ, ಮರಾಠಿಯಲ್ಲಿ ನೋಯುತ್ತದೆ.

ನಿಮ್ಮ ಕಥೆ ನನ್ನದೂ ಹೌದು. ನಾಲ್ಕು ವರ್ಷದ ಹಿಂದೆ ಇದೇ ಮಷೀನ್‌ನಲ್ಲಿ ನನಗೂ ಕುತ್ತಿಗೆ ಹಿಡಿದಿತ್ತು. ಫಿಜಿಯೋಥೆರಪಿಸ್ಟ್‌ಗೇ! ನಾಚಿಕೆ ಬಿಟ್ಟು ಮಗಳ ಕೈಗೆ ಮೊಬೈಲ್ ಕೊಟ್ಟು, ಪಕ್ಕದಿಂದ ಒಂದು ವಿಡಿಯೋ ಮಾಡು ಅಂದೆ. ನೋಡಿದರೆ ಪ್ರತಿ ಎಳೆತಕ್ಕೂ ನನ್ನ ಭುಜ ಎದ್ದು ಕಿವಿಯೋಲೆಗೆ ತಾಗುವಷ್ಟು ಹತ್ತಿರ ಬರುತ್ತಿತ್ತು. ಗದ್ದ ಮುಂದೆ ಚಾಚಿತ್ತು. ಹಿಡಿಕೆ ಎದೆಯ ಮೇಲೆ, ಹೆಚ್ಚುಕಡಿಮೆ ಗಂಟಲ ಹತ್ತಿರ. ನಿಮಿಷಕ್ಕೆ 25 ಎಳೆತ ಎಂದರೂ 20 ನಿಮಿಷಕ್ಕೆ 500 ಸಲ ಭುಜ ಎತ್ತಿದ ಹಾಗಾಯಿತು. ಕುತ್ತಿಗೆಯಿಂದ ಭುಜಕ್ಕೆ ಇಳಿಯುವ ಟ್ರಪೀಜಿಯಸ್ ಸ್ನಾಯು ಸುಮ್ನೆ ಇರುತ್ತದೆಯೇ?

ಊರಲ್ಲಿ ಬಾವಿ ನೀರು ಸೇದಿದ್ದೀರಾ? ಬಲ್ಲವರು ಕಾಲು ಊರಿ, ಮೈಭಾರ ಹಗ್ಗಕ್ಕೆ ಕೊಟ್ಟು ಎಳೆಯುತ್ತಾರೆ. ಬರೀ ಭುಜದಿಂದ ಎಳೆದವರು ಮೂರನೇ ಕೊಡಕ್ಕೇ ಏದುಸಿರು ಬಿಡುತ್ತಾರೆ. ರೋಯಿಂಗ್ ಕೂಡ ಹಾಗೇ. ಮೊದಲು ಕಾಲಿನಿಂದ ಒದೆಯಬೇಕು, ಆಮೇಲೆ ಸೊಂಟದಿಂದ ಸ್ವಲ್ಪ ಹಿಂದೆ ವಾಲಬೇಕು, ಕೊನೆಗೆ ಕೈ. ವಾಪಸ್ ಹೋಗುವಾಗ ಉಲ್ಟಾ: ಕೈ, ಮೈ, ಕಾಲು. ಅರ್ಧಕ್ಕಿಂತ ಹೆಚ್ಚು ಬಲ ಕಾಲಿನದೇ. ಹಿಡಿಕೆ ಪಕ್ಕೆಲುಬಿನ ಕೆಳ ಅಂಚಿಗೆ ಬಂದು ಮುಟ್ಟಬೇಕು. ಅದನ್ನು ಬಿಗಿಯಾಗಿ ಹಿಚುಕಬೇಡಿ, ಬೆರಳು ಕೊಕ್ಕೆಯ ಹಾಗೆ ಇದ್ದರೆ ಸಾಕು.

ಇನ್ನು ಆ ಲಿವರ್. 10 ಅಂದರೆ ಜಾಸ್ತಿ ವ್ಯಾಯಾಮ ಅಂತ ಎಲ್ಲರೂ ತಿಳಿದಿದ್ದಾರೆ. ಅದು ಫ್ಯಾನಿನ ಗೂಡಿಗೆ ಎಷ್ಟು ಗಾಳಿ ಹೋಗಬೇಕು ಎಂದು ಹೇಳುತ್ತದೆ, ಅಷ್ಟೇ. 10ರಲ್ಲಿ ಮಷೀನ್ ಭಾರದ ದೋಣಿಯಂತೆ ಮೊಂಡು ಹಿಡಿಯುತ್ತದೆ, ಶುರುವಿನಲ್ಲೇ ಭುಜ ಜಗ್ಗುತ್ತದೆ. 3ರಿಂದ 5ರ ನಡುವೆ ಇಡಿ. ಬೆವರು ಬೇಕಿದ್ದರೆ ಕಾಲಿನಿಂದ ಜೋರಾಗಿ ಒದೆಯಿರಿ.

ಟಿವಿ ಮಾತ್ರ ಬಿಡಲೇಬೇಕು. ತಲೆ ಸುಮಾರು ಐದು ಕೆಜಿ. ಅದನ್ನು ಎಡಕ್ಕೆ ತಿರುಗಿಸಿಟ್ಟು 500 ಸಲ ಹಿಂದೆ ಮುಂದೆ ತೂಗಿದರೆ ಏನಾಗುತ್ತದೆ? ನಮ್ಮ ಪುಣೆಯ ದಾಪೋಡಿಯಲ್ಲೇ ಸೇನೆಯ ರೋಯಿಂಗ್ ಕೇಂದ್ರವಿದೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 13ನೇ ಸ್ಥಾನ ಪಡೆದ ದತ್ತು ಭೋಕನಳ ಅಲ್ಲಿ ಪಳಗಿದವರು. ಇಂಥವರ ರೇಸ್ ವಿಡಿಯೋ ಹಾಕಿ ತಲೆಯನ್ನಷ್ಟೇ ನೋಡಿ. ದೋಣಿ ಹೋಗುವ ದಿಕ್ಕಿಗೆ ಅವರ ಬೆನ್ನು, ಕಣ್ಣು ಮಾತ್ರ ನೇರ. ನಿಮಗೆ ಮಷೀನಿನ ಮಾನಿಟರ್ ಸಾಕು. ಅದನ್ನು ಕಣ್ಣಿನ ಎತ್ತರಕ್ಕೆ ತಂದುಕೊಳ್ಳಿ.

ಗಟ್ಟಿ ಮಾಡುವ ವಿಷಯಕ್ಕೆ ಬರೋಣ. ತಲೆಗೆ ತೂಕ ಕಟ್ಟುವುದು ಪೈಲ್ವಾನರಿಗೆ ಇರಲಿ. ನೋವಿರುವ ಕುತ್ತಿಗೆಗೆ ಅದು ಬೇಡ. ಗೋಡೆಗೆ ಬೆನ್ನು ಕೊಟ್ಟು ನಿಂತು, ಗದ್ದವನ್ನು ನೇರ ಹಿಂದಕ್ಕೆ ಎಳೆಯಿರಿ. ಕೆಳಗೆ ಬಗ್ಗಿಸುವುದಲ್ಲ, ಡ್ರಾಯರ್ ಒಳಗೆ ತಳ್ಳಿದ ಹಾಗೆ. ಐದು ಎಣಿಸಿ ಬಿಡಿ, ಹತ್ತು ಸಲ. ಕನ್ನಡಿಯಲ್ಲಿ ಎರಡು ಗದ್ದ ಕಂಡರೆ ಸರಿಯಾಗಿ ಮಾಡುತ್ತಿದ್ದೀರಿ ಅಂತ ಲೆಕ್ಕ! ಆಮೇಲೆ ಅಂಗೈಯನ್ನು ಹಣೆಗೆ, ಎರಡೂ ಪಕ್ಕಕ್ಕೆ, ಹಿಂತಲೆಗೆ ಒಂದೊಂದಾಗಿ ಇಟ್ಟು ಮೆಲ್ಲಗೆ ಒತ್ತಿ, ತಲೆ ಅಲ್ಲಾಡಬಾರದು. ಪೂರ್ತಿ ಬಲ ಹಾಕಬೇಡಿ, ಮೂರರಲ್ಲಿ ಒಂದು ಪಾಲು ಸಾಕು. ಇವಕ್ಕಿಂತ ಮುಖ್ಯ ಬೆನ್ನಿನ ರೆಕ್ಕೆ ಮೂಳೆಗಳು. ಕಿಟಕಿ ಸರಳಿಗೆ ರಬ್ಬರ್ ಬ್ಯಾಂಡ್ ಕಟ್ಟಿ, ಭುಜ ಕೆಳಗಿಟ್ಟು, ಮೊಣಕೈ ಹಿಂದಕ್ಕೆ ಎಳೆಯಿರಿ. 12ರಂತೆ ಎರಡು ಸುತ್ತು, ವಾರಕ್ಕೆ ಮೂರು ದಿನ. ರೆಕ್ಕೆ ಮೂಳೆ ಬಿಗಿಯಾಗಿ ನಿಂತರೆ ಗೋಣಿಗೆ ಬಿಡುವು.

ಈ ವಾರ ಮಷೀನ್‌ಗೆ ರಜೆ ಕೊಡಿ, ನಡೆಯಿರಿ. ಹಿಂದೆ ತಿರುಗಿ ನೋಡಲು ಆಗುವ ತನಕ ಬೈಕ್ ಕೂಡ ಬೇಡ. ಆಮೇಲೆ ಐದು ನಿಮಿಷದಿಂದ ಶುರು. ಲ್ಯಾಪ್‌ಟಾಪ್ ಬ್ಯಾಗ್ ಒಂದೇ ಹೆಗಲಿಗೆ ನೇತುಹಾಕುವ ಅಭ್ಯಾಸವಿದ್ದರೆ ಅದನ್ನೂ ಬಿಡಿ.

ಕೈ ಜೋಮು ಇಲ್ಲ ಎಂದು ಬರೆದದ್ದು ಒಳ್ಳೆಯದಾಯಿತು. ಮುಂದೆ ಎಂದಾದರೂ ಜೋಮು ಬಂದರೆ, ಹಿಡಿತ ಸಡಿಲಾಗಿ ಕೈಯಲ್ಲಿದ್ದದ್ದು ಜಾರತೊಡಗಿದರೆ, ನಡೆಯುವಾಗ ತೂರಾಡಿದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಎಳೆಯುವಾಗ ಎದೆ, ದವಡೆ ಅಥವಾ ಕೈ ಹಿಂಡಿದಂತಾದರೆ ಅದನ್ನು ಗೋಣಿನ ನೋವು ಎಂದು ಬಿಡಬೇಡಿ. ಆಗ ನನಗೆ ಪತ್ರ ಬರೆಯುತ್ತಾ ಕೂರುವುದಲ್ಲ, ನೇರ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಕುತ್ತಿಗೆ ನೋವಿಗೆ ಕೊರಳ ಪಟ್ಟಿ (ಕಾಲರ್) ಹಾಕಿಕೊಂಡೇ ರೋಯಿಂಗ್ ಮಾಡಬಹುದೇ?
– ಓದುಗರು, ಚಿಂಚವಡ

ಉತ್ತರ: ಬೇಡ. ಪಟ್ಟಿ ಬೇಕಾಗುವಷ್ಟು ನೋವಿದ್ದರೆ ರೋಯಿಂಗ್ ಬೇಡ, ರೋಯಿಂಗ್ ಮಾಡುವಷ್ಟು ಆರಾಮ ಇದ್ದರೆ ಪಟ್ಟಿ ಬೇಡ.